ಮಕ್ಕಳ ಖರೀದಿ ಜಾಣತನ ಅಳೆಯಲು ಹೋದದ್ದು

ಕಾಗದ ಹಂಚುವುದು, ತುಂಬಿಸುವುದು, ಕಟ್ಟಿ ತರುವುದು. ಎಸ್ಸೆಸ್ಸೆಲ್ಸಿ ಪಾಸಾದ ನನಗೆ ಇದೆಷ್ಟರ ಕೆಲಸ!

ಸೊಸೆ ಸುಜಾತಾ ಕಮಲಾಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳು ಎಷ್ಟು ಎಚ್ಚರದ ಗ್ರಾಹಕರು ಎಂದು ಎಂ.ಎಡ್. ಪ್ರಬಂಧಕ್ಕಾಗಿ ಅಳೆಯುತ್ತಿದ್ದಳು. ಇಪ್ಪತ್ತು ಪ್ರಶ್ನೆ: ಅಂಗಡಿಗೆ ಚೀಲ ಒಯ್ಯುತ್ತೀಯಾ? ಪಾಕೀಟಿನ ಮೇಲಿನ ತಾರೀಖು ನೋಡುತ್ತೀಯಾ? ಹೀಗೆ. ‘ಹೌದು’ ಅಥವಾ ‘ಇಲ್ಲ’ ಎಂದು ಬರೆಯಬೇಕು, ಒಂದು ‘ಹೌದು’ಗೆ ಒಂದು ಅಂಕ, ಹೆಸರು ಬೇಡ. ತುಂಬಿದ ಕಾಗದಗಳನ್ನು ಸೋಮವಾರದೊಳಗೆ ಕಾಲೇಜಿಗೆ ಕೊಡದಿದ್ದರೆ ಅವಳ ಒಂದು ವರ್ಷವೇ ಹೋದಂತೆ. ಗುರುವಾರ ಅವಳಿಗೆ ಜ್ವರ ಬಂತು.

"ನಾ ಇದ್ದೀನಲ್ಲವ್ವಾ!" ಎಂದೆ.

"ಮಾವಾರ, ಹಂಚೂದು, ವಾಪಸ್ ತಗೊಳ್ಳೂದು, ಅಷ್ಟೇರಿ. ನಡುವ ಏನೂ ಮಾಡಬ್ಯಾಡ್ರಿ."

"ಏನೂ ಮಾಡದೇ ಇರೂದು, ಅದೊಂದೇ ಇವರಿಗೆ ಬರಂಗಿಲ್ಲ ನೋಡು," ಎಂದಳು ನನ್ನ ಹೆಂಡತಿ ನೀಲಮ್ಮ.

ಶುಕ್ರವಾರ ನಮ್ಮ ಮನೆಯಿರುವ ಬ್ರಹ್ಮಪುರದಿಂದ ಆಟೋ, ಮುಂದೆ ಕಮಲಾಪುರಕ್ಕೆ ಬಸ್ಸು. ನಾಲ್ಕನೆಯ ತರಗತಿಯಲ್ಲಿ ಮೂವತ್ತೆರಡು ಮಕ್ಕಳು. ಮೊದಲ ಬೆಂಚಿನ ಭಾಗಮ್ಮ ತಾರೀಖಿನ ಪ್ರಶ್ನೆಗೆ ನಿಶ್ಚಿಂತೆಯಿಂದ ‘ಇಲ್ಲ’ ಎಂದು ಬರೆದಳು. ಸೊಸೆಯ ಶಾಲೆಗೆ ಕಡಿಮೆ ಅಂಕವೇ? ನಮ್ಮ ಕಾಲದಲ್ಲಿ ಇನ್ಸ್‌ಪೆಕ್ಟರ್ ಬಂದರೆ ಗುರುಗಳು ಅವರ ಬೆನ್ನ ಹಿಂದೆ ನಿಂತು ಕೈಸನ್ನೆಯಲ್ಲಿ ಉತ್ತರ ಹೇಳುತ್ತಿದ್ದರು. ಆ ಸತ್ಸಂಪ್ರದಾಯವನ್ನು ನಾನು ಮುಂದುವರಿಸಿದೆ.

"ಇಲ್ಲ ಅನಬಾರದವ್ವಾ. ಹೌದು ಅಂತ ಬರಿ."

"ಖರೇ ಅಂದ್ರ ನಾ ನೋಡಂಗಿಲ್ರಿ ಮುತ್ಯಾ."

"ಇವತ್ತಿನಿಂದ ನೋಡ್ತಿ. ಬರಿ!"

ಇಡೀ ತರಗತಿ ರಬ್ಬರ್ ತೆಗೆಯಿತು.

ಖುಷಿಗೆ, ಬರುವಾಗ ಅಗ್ಗಕ್ಕೆ ಸಿಕ್ಕವೆಂದು ತಂದಿದ್ದ ಬಿಸ್ಕತ್ತು ಹಂಚಿದೆ. ಭಾಗಮ್ಮ ಪಾಕೀಟು ತಿರುಗಿಸಿದಳು.

"ಮುತ್ಯಾ, ಇದರ ತಾರೀಖು ಹೋದ ತಿಂಗಳೇ ಮುಗದದರಿ!"

ಮೂವತ್ತೆರಡು ಪಾಕೀಟುಗಳೂ ಮೇಜಿಗೆ ವಾಪಸ್ ಬಂದವು. ಇಷ್ಟು ಬೇಗ ಫಲ ಕೊಟ್ಟ ಬೋಧನೆ ಇಡೀ ಜಿಲ್ಲೆಯಲ್ಲಿ ಇನ್ನೊಂದಿರಲಾರದು!

ಸಂಜೆ ಸುಜಾತಾ ಕಾಗದ ತಿರುವಿದಳು. ಎಲ್ಲರಿಗೂ ಇಪ್ಪತ್ತಕ್ಕೆ ಇಪ್ಪತ್ತು.

"ಮಾವಾರ, ಇದು ಪರೀಕ್ಷೆ ಅಲ್ರಿ. ಮಕ್ಕಳು ಹ್ಯಾಂಗ ಅದಾರ ಹಂಗೇ ಬೇಕಾಗಿತ್ತು. ಇದನ್ನ ಒಯ್ದರ, ನಾನೇ ಕುಂತು ತುಂಬೀನಿ ಅಂತಾರ."

ಅವಳ ಕಣ್ಣು ತುಂಬಿತು. ಅದು ಜ್ವರಕ್ಕಲ್ಲ ಎಂದು ನನಗೂ ತಿಳಿಯಿತು.

ಶನಿವಾರ ಬೆಳಗಿನ ಶಾಲೆ. ಹೊಸ ಕಾಗದ ಹಿಡಿದು ಮೊದಲ ಬಸ್ಸಿಗೇ ಹೋದೆ. ಮಕ್ಕಳಿಗೆ ಕೈಮುಗಿದೆ. "ನಿನ್ನೆ ನಾ ಸುಳ್ಳು ಬರಿಸೀನಿ. ಇವತ್ತು ಖರೇ ಬರೀರಿ."

ಭಾಗಮ್ಮ ಎದ್ದು ನಿಂತಳು. "ನಿನ್ನಿಯಿಂದ ನಾ ಖರೇನೇ ತಾರೀಖು ನೋಡಲತ್ತೀನ್ರಿ. ಈಗ ಏನ್ ಬರೀಲಿ?"

ಉತ್ತರ ಹೇಳಲು ಹೆದರಿ ನಾನು ಕಿಟಕಿಯ ಕಡೆ ತಿರುಗಿದೆ. ಕೊನೆಗೆ ಒಂದು ಕಾಗದ ಉಳಿಯಿತು. "ನೀವೂ ತುಂಬ್ರಿ ಮುತ್ಯಾ," ಎಂದು ಅವಳೇ ಪೆನ್ಸಿಲ್ ಕೊಟ್ಟಳು. ಪ್ರಾಯಶ್ಚಿತ್ತವೆಂದು ಮೂಲೆಯ ಬೆಂಚಿನಲ್ಲಿ ಕುಳಿತು ಪ್ರಾಮಾಣಿಕವಾಗಿ ತುಂಬಿದೆ. ಅದೂ ಕಟ್ಟಿನಲ್ಲಿ ಸೇರಿಹೋಯಿತು.

ಸಂಜೆ ಸುಜಾತಾಳ ಮುಖ ಅರಳಿತು. ಎಂಟು, ಹದಿನಾಲ್ಕು, ಹನ್ನೊಂದು... ಸೋಮವಾರದ ಚಿಂತೆ ತೀರಿತು! ಒಂದು ಕಾಗದದ ಮುಂದೆ ಮಾತ್ರ ಅವಳು ತಡೆದಳು.

"ಇಪ್ಪತ್ತಕ್ಕ ಮೂರು! ಪಾಪ, ಈ ಕೂಸಿಗೆ ಮನ್ಯಾಗ ಹೇಳೋರಿಲ್ಲ ಕಾಣ್ತದ."

ನೀಲಮ್ಮ ಕನ್ನಡಕ ಹಾಕಿಕೊಂಡು ಅಕ್ಷರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಹೇಳೋರು ಅದಾರವ್ವಾ. ನಲವತ್ತು ವರ್ಷದಿಂದ ಹೇಳಲತ್ತೀನಿ. ಕೂಸೇ ಕೇಳಂಗಿಲ್ಲ!"