ಒಂಬತ್ತು ಕಿಲೋ ಗಾಳಿ

ಕ್ವೇಕರ್ಸ್ ಹಿಲ್‌ನ ಶಿವಪ್ರಕಾಶನ ಬಚ್ಚಲುಮನೆಯಲ್ಲಿ ಒಂದು ಹಳೆಯ ತೂಕದ ಮಷಿನ್ ಇತ್ತು. ಮುಳ್ಳು ಇರುವಂಥದ್ದು. ಅದರ ಹಿಂದೆ ಹೆಬ್ಬೆರಳಿನಿಂದ ತಿರುಗಿಸುವ ಒಂದು ಸಣ್ಣ ಚಕ್ರ. ಮುಳ್ಳು ಸೊನ್ನೆ ಬಿಟ್ಟು ಅತ್ತಿತ್ತ ಸರಿದರೆ ಸರಿಮಾಡಿಕೊಳ್ಳಲಿ ಅಂತ ಮಷಿನ್ ಮಾಡಿದವರು ಇಟ್ಟಿದ್ದು. ಶಿವಪ್ರಕಾಶ ಅದನ್ನು ಸಂಸಾರ ಸರಿಮಾಡಿಕೊಳ್ಳಲು ಬಳಸುತ್ತಿದ್ದ.

ಡಾಕ್ಟರು ಕೊಲೆಸ್ಟರಾಲ್ ಅಂದಿದ್ದೇ ತಡ, ಹೆಂಡತಿ ಹೇಮಲತಾ ಪ್ರತಿ ಶನಿವಾರ ಅವನ ತೂಕ ನೋಡುವ ಪದ್ಧತಿ ಶುರುಮಾಡಿದ್ದಳು. ಅವಳು ಬರುವ ಮುಂಚೆ ಇವನು ಚಕ್ರ ತಿರುಗಿಸಿ, ಮುಳ್ಳನ್ನು ಸೊನ್ನೆಯಿಂದ ಹಿಂದಕ್ಕೆ ತಳ್ಳಿ, ಹತ್ತಿ ನಿಂತಿರುತ್ತಿದ್ದ. ಅವಳು ನೋಡಿ ಹೋದ ಮೇಲೆ ಮತ್ತೆ ಸೊನ್ನೆಗೆ ತಂದಿಡುತ್ತಿದ್ದ. ಮೊದಲ ವಾರ ಒಂದು ಕಿಲೋ ಹಿಂದಕ್ಕೆ, ಆಮೇಲೆ ಎರಡು. ಹ್ಯಾರಿಸ್ ಪಾರ್ಕಿನ ಅಂಗಡಿಯ ಜಿಲೇಬಿ ಮಾತ್ರ ಎಂದಿನಂತೆ ಮುಂದಕ್ಕೇ ನಡೆದಿತ್ತು. ಹೀಗಾಗಿ ಈ ಶನಿವಾರ ಮುಳ್ಳು ಒಂಬತ್ತು ಕಿಲೋ ಹಿಂದೆ ಹೋಗಬೇಕಾಯಿತು.

ಯಾಕೆಂದರೆ ಇವತ್ತೇ ಕೊನೆಯ ಗಡುವು. ಮೆಲ್ಬರ್ನಿನ ಟ್ರುಗನಿನಾದಲ್ಲಿರುವ ಗೆಳೆಯ ಕಲ್ಲಯ್ಯ ಮುಂದಿನ ವಾರ ಬಾ ಅಂದಿದ್ದ. ಅಲ್ಲಿಂದ ಇಬ್ಬರೂ ಗುಡ್ಡಕ್ಕೆ ಹೋಗಿ ಮೂರು ದಿನ ಮೌಂಟನ್ ಬೈಕ್, ಅಂದರೆ ಗುಡ್ಡದ ಸೈಕಲ್, ಓಡಿಸುವುದು. ಹೇಮಲತಾಳ ಷರತ್ತು ಒಂದೇ ಸಾಲಿನದು: "ಎಂಬತ್ತೆರಡಕ್ಕ ಬಂದ್ರ ಮೆಲ್ಬರ್ನ್. ಇಲ್ಲಂದ್ರ ನನ್ನ ಜೋಡಿ ವಾಕಿಂಗ್."

ಹೇಮಲತಾ ಬಗ್ಗಿ ನೋಡಿದಳು. "ಎಂಬತ್ತೆರಡು. ಖರೇನ?"

"ಮುಳ್ಳು ಸುಳ್ಳು ಹೇಳ್ತೈತೇನ?" ಅಂದ ಶಿವಪ್ರಕಾಶ.

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿತು. ಪಕ್ಕದ ಮನೆಯ ಗುರುಬಸವ, ಹಿಂದೆ ಸಾಮಾನು ಹೇರುವ ತನ್ನ ಯೂಟ್ ಗಾಡಿ ತಂದು ನಿಲ್ಲಿಸಿದ್ದ. ಶಿವಪ್ರಕಾಶ ಬೈಕ್ ಏರಿಸಲು ಓಡಿದ. ಚಕ್ರ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರುವುದು ಮರೆತುಹೋಯಿತು.

ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ, ಮುದಿ ಎಮ್ಮೆಯ ಹಾಗೆ ಕುಸಿದು ಕೂತಿತ್ತು. ಹೊಸದು ಹಾಕಿಸಬೇಕು. ಯಾವುದು ಹಾಕಿಸಬೇಕೆಂಬ ವಿಷಯದಲ್ಲಿ ಆ ಬೀದಿಯಲ್ಲಿ ಇಬ್ಬರು ಪಂಡಿತರಿದ್ದರು. ಇಬ್ಬರ ಹತ್ತಿರವೂ ಬೈಕ್ ಇರಲಿಲ್ಲ.

"ಕಾಯಿಲ್ ಹಾಕ್ಸು," ಅಂದ ಹುಬ್ಬಳ್ಳಿಯ ಗುರುಬಸವ. "ಕಬ್ಬಿಣದ ಸ್ಪ್ರಿಂಗು. ಒಮ್ಮೆ ಹಾಕಿದಿ ಅಂದ್ರ ನಿನ್ನ ಮೊಮ್ಮಗಾನೂ ಅದರ ಮ್ಯಾಲೆ ಕುಂಡರ್ತಾನ."

ಎದುರು ಮನೆಯ ಗುರುದತ್ತ ಸೊಂಟದ ಮೇಲೆ ಕೈಯಿಟ್ಟುಕೊಂಡು, ಒಂದೊಂದೇ ಹೆಜ್ಜೆ ಹಾಕುತ್ತ ಬಂದರು. ಮೈಸೂರಿನವರು, ಐವತ್ತೈದು ದಾಟಿದವರು. ಇಂಟರ್‌ನೆಟ್ಟಿನಲ್ಲಿ ಶಾಕ್ ಬಗ್ಗೆ ಇರುವ ಎಲ್ಲ ವಿಡಿಯೋ ನೋಡಿ ಮುಗಿಸಿದ್ದರು.

"ಏನಾತ್ರೀ ಸರ್ ಸೊಂಟಕ್ಕ?" ಅಂದ ಗುರುಬಸವ.

"ನಮ್ಮನೆಯವಳು ಭಾಗೀರಥಿ ಇವತ್ತು ಬೆಂಗಳೂರಿಗೆ ಹೊರಟಿದಾಳಲ್ಲಪ್ಪ. ಅವಳ ಸೂಟ್‌ಕೇಸ್ ಎತ್ತಿದೆ, ಹಿಡ್ಕೊಂಡ್ಬಿಡ್ತು. ಇಪ್ಪತ್ಮೂರೇ ಕೆಜಿ ನೋಡಿ. ವಯಸ್ಸಾಯ್ತು ನಿಮಗೆ ಅಂತಾಳೆ."

"ಹಂಗಾರ ಮನ್ಯಾಗ ಮಲಗ್ರಿ."

"ಸಲಹೆ ಕೊಡೋಕೆ ಸೊಂಟ ಯಾಕ್ರೀ ಬೇಕು?" ಅನ್ನುತ್ತ ಗುರುದತ್ತರು ಯೂಟ್ ಹತ್ತಿದರು. "ಕಾಯಿಲ್ ಬೇಡಿ. ಭಾರ. ಏರ್ ಶಾಕ್ ಹಾಕ್ಸಿ. ಒಳಗೆ ಬರೀ ಗಾಳಿ. ಪಂಪ್ ಹೊಡೆದ್ರೆ ಗಟ್ಟಿ, ಬಿಟ್ರೆ ಮೆತ್ತಗೆ."

"ಗಾಳಿ ನಂಬಿ ಯಾವ ಮನಿ ನಿಂತೈತ್ರೀ?"

"ನಿಮ್ಮ ಯೂಟ್ ಟೈರಲ್ಲಿ ಏನಿದೆ, ಕಬ್ಬಿಣಾನಾ?"

ಗುರುಬಸವ ಯೂಟ್ ಹೊರಡಿಸಿದ. ಹಿಂದಿನ ಸೀಟಿನಲ್ಲಿ ಹೇಮಲತಾ ಇದ್ದಳು. ಗಂಡ ಹೇಳಿದ ಖರ್ಚೆಷ್ಟು, ಹೇಳದ ಖರ್ಚೆಷ್ಟು ಎಂದು ನೋಡಿಕೊಳ್ಳಲು ಬಂದಿದ್ದಳು.

ಬೈಕ್ ಅಂಗಡಿಯಲ್ಲಿ ಕ್ಲೋಯಿ ಅನ್ನುವ ಹುಡುಗಿ ಮೊದಲು ಕೇಳಿದ್ದೇ ತೂಕ. ಕಾಯಿಲ್ ಆದರೆ ಸವಾರನ ತೂಕ ನೋಡಿಯೇ ಸ್ಪ್ರಿಂಗ್ ಆರಿಸಬೇಕಂತೆ. ಒಬ್ಬೊಬ್ಬರ ತೂಕಕ್ಕೆ ಒಂದೊಂದು ಸ್ಪ್ರಿಂಗು. ನಂಬರು ಅದರ ಮೇಲೇ ಅಚ್ಚಾಗಿರುತ್ತದಂತೆ. ಶಿವಪ್ರಕಾಶ ಬಾಗಿಲ ಕಡೆ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ಹೇಮಲತಾ ಹೆಮ್ಮೆಯಿಂದ ಹೇಳಿದಳು, "ಏಯ್ಟಿ ಟೂ!"

ಬೈಕ್ ಓಡಿಸುವಾಗ ಏನೇನು ಹಾಕಿಕೊಳ್ಳುತ್ತೀರೋ ಅದೆಲ್ಲ ಹಾಕಿಕೊಂಡೇ ಕೂರಿ ಅಂದಳು ಕ್ಲೋಯಿ, ಎಂಬತ್ತೆರಡರ ಸ್ಪ್ರಿಂಗ್ ಹಾಕಿ. ಶಿವಪ್ರಕಾಶ ಹೆಲ್ಮೆಟ್ ಹಾಕಿದ, ಬೆನ್ನಿಗೆ ಬ್ಯಾಗ್ ಏರಿಸಿದ, ಕೂತ. ಬೈಕ್ 'ಕಟ್' ಅಂತ ತಳ ಮುಟ್ಟಿತು. ಕ್ಲೋಯಿ ಹುಬ್ಬು ಗಂಟಿಕ್ಕಿ ಅದೇ ನಂಬರಿನ ಇನ್ನೊಂದು ಸ್ಪ್ರಿಂಗ್ ಹಾಕಿದಳು. ಮತ್ತೆ 'ಕಟ್'.

"ಈಗಿನ ಕಬ್ಬಿಣದಾಗ ದಮ್ಮಿಲ್ಲ," ಅಂದ ಗುರುಬಸವ, ಮನೆಯವರೇ ಕೈಕೊಟ್ಟಂಥ ದನಿಯಲ್ಲಿ.

ಕ್ಲೋಯಿ ಇನ್ನೂ ದಪ್ಪ ಸ್ಪ್ರಿಂಗಿಗೆ ಕೈಚಾಚಿದಳು. ಅದರ ನಂಬರು ಶಿವಪ್ರಕಾಶನಿಗೆ ದೂರದಿಂದಲೇ ಕಂಡಿತು. ಅದನ್ನು ಹಾಕಿಸಿದರೆ ಜೀವನಪೂರ್ತಿ ಸೀಟಿನ ಕೆಳಗೆ ತನ್ನ ನಿಜವಾದ ತೂಕದ ಬೋರ್ಡು ತಗಲಿಸಿಕೊಂಡು ತಿರುಗಿದ ಹಾಗೆ. ಗಾಳಿಗಾದರೆ ನಂಬರಿಲ್ಲ. ಮನೆಗೆ ಹೋಗಿ ಯಾರೂ ಇಲ್ಲದಾಗ ನಾಲ್ಕು ಪಂಪ್ ಹೊಡೆದರಾಯಿತು.

"ಏರ್ ಹಾಕ್ರಿ," ಅಂದ. "ಗುರುದತ್ತ ಸರ್ ಹೇಳಿದ್ದು ನನಗ ಬರೋಬ್ಬರಿ ಅನಿಸ್ತು."

ಗುರುದತ್ತರು ಸೊಂಟನೋವು ಮರೆತು ನೆಟ್ಟಗಾದರು.

ಆದರೆ ಗಾಳಿಗೂ ಒಂದು ನಾಲಿಗೆಯಿತ್ತು. ಶಾಕ್‌ನ ಕೊಳವೆಗೆ ಒಂದು ಸಣ್ಣ ರಬ್ಬರ್ ಉಂಗುರ ಸಿಕ್ಕಿಸಿರುತ್ತಾರೆ. ಕೂತಾಗ ಶಾಕ್ ಎಷ್ಟು ಕುಸಿಯಿತೋ ಅಷ್ಟು ದೂರ ಅದು ಸರಿಯುತ್ತದೆ. ಕ್ಲೋಯಿ ಎಂಬತ್ತೆರಡರ ಲೆಕ್ಕಕ್ಕೆ ಗಾಳಿ ತುಂಬಿದಳು. ಇವನು ಕೂತ. ಉಂಗುರ ಗುರುತು ದಾಟಿ ಓಡಿತು. ಅವಳು ಇನ್ನಷ್ಟು ತುಂಬಿದಳು, ಮತ್ತಷ್ಟು ತುಂಬಿದಳು. ಉಂಗುರ ಸರಿಯಾದ ಜಾಗದಲ್ಲಿ ನಿಂತಾಗ ಗೋಡೆಯ ಚಾರ್ಟ್ ನೋಡಿ, ಇದು ತೊಂಬತ್ತೊಂದು ಕಿಲೋದವರ ಗಾಳಿ ಅಂದಳು.

ಮೂವರೂ ಶಿವಪ್ರಕಾಶನ ಕಡೆ ತಿರುಗಿದರು.

"ಬ್ಯಾಗ್," ಅಂದ ಶಿವಪ್ರಕಾಶ. "ಬ್ಯಾಗಿನ್ಯಾಗ ಒಂಬತ್ತ ಕಿಲೋ ಐತಿ."

"ಏನೈತ್ರೀ ಅಂಥಾದ್ದು?" ಅಂದಳು ಹೇಮಲತಾ.

"ಪಾನಾ, ಪಂಪು, ನೀರು, ಬ್ಯಾಂಡೇಜು. ದಾರ್‍ಯಾಗ ಯಾರರ ಬಿದ್ರ ಬೇಕಲ್ಲ. ಎಲ್ಲಾರದೂ ನಾನ ಹೊರ್ತೇನಿ."

"ಎಂಥಾ ಮನಸ್ಸೋ ನಿಂದು," ಅಂದ ಗುರುಬಸವ. ಅವನ ಕಣ್ಣು ತೇವವಾಗಿತ್ತು. ಗುರುದತ್ತರು ಬ್ಯಾಗ್ ಎತ್ತಿ ನೋಡಲು ಕೈ ಹಾಕಿದರು. "ಬ್ಯಾಡ್ರಿ ಸರ್, ನಿಮ್ಮ ಸೊಂಟ!" ಅಂತ ಶಿವಪ್ರಕಾಶ ಹಿಮ್ಮುಖವಾಗಿಯೇ ಬಾಗಿಲವರೆಗೆ ನಡೆದ.

"ಮನ್ಯಾಗ ಅಕ್ಕಿ ಚೀಲ ಎತ್ರಿ ಅಂದ್ರ ಬೆನ್ನ ನೋಯ್ತೈತಿ ಇವರಿಗೆ," ಅಂದಳು ಹೇಮಲತಾ. ಆದರೂ ದನಿಯಲ್ಲಿ ಪ್ರೀತಿಯಿತ್ತು.

ದಾರಿಯುದ್ದಕ್ಕೂ ಆ ಒಂಬತ್ತು ಕಿಲೋದ ಕೀರ್ತನೆ ನಡೆಯಿತು. ಮನೆ ಮುಟ್ಟುವಷ್ಟರಲ್ಲಿ ಗುರುದತ್ತರು ತೀರ್ಮಾನಿಸಿದ್ದರು: ತಮ್ಮ ಸೊಂಟಕ್ಕೆ ಕಾರು ಓಡಿಸುವುದು ಆಗದು, ಭಾಗೀರಥಿಯನ್ನು ಏರ್‌ಪೋರ್ಟಿಗೆ ಬಿಡಲು ಶಿವಪ್ರಕಾಶನೇ ಸರಿ. ಇಂಥ ಬೆನ್ನು ಈ ಸಬರ್ಬಿನಲ್ಲಿ ಇನ್ನೊಂದಿಲ್ಲ. ಶಿವಪ್ರಕಾಶ ಬ್ಯಾಗ್ ಇಳಿಸದೆಯೇ ತನ್ನ ಕಾರನ್ನು ಎದುರು ಮನೆಯ ಮುಂದೆ ತಂದ. ಇಳಿಸಿದರೆ ಯಾರಾದರೂ ಎತ್ತಿ ನೋಡುವ ಭಯ.

ಸೂಟ್‌ಕೇಸನ್ನು ಕಾರಿಗೆ ಏರಿಸುವಾಗ ಅವನ ಕಣ್ಣು ಕತ್ತಲಿಟ್ಟಿತು. ಇಪ್ಪತ್ಮೂರು ಕೆಜಿ ಅಂದರೆ ಇಷ್ಟು ಭಾರವೇ? ನನಗೂ ವಯಸ್ಸಾಯಿತೇನೋ ಅಂದುಕೊಂಡು ಡಿಕ್ಕಿ ಮುಚ್ಚಿದ. ಹೇಮಲತಾ, ಗುರುದತ್ತರೂ ಜೊತೆಗೆ ಹೊರಟರು.

ಏರ್‌ಪೋರ್ಟಿನ ಕೌಂಟರಿನಲ್ಲಿ ಸೂಟ್‌ಕೇಸ್ ಬೆಲ್ಟಿನ ಮೇಲೆ ಮಲಗಿತು. ಕೆಂಪು ಅಂಕಿ ಮೂವತ್ತೆರಡಕ್ಕೆ ಹೋಗಿ ನಿಂತಿತು. ಇಪ್ಪತ್ಮೂರಕ್ಕೆ ಇಳಿಸಿಕೊಂಡು ಬನ್ನಿ ಅಂದಳು ಕೌಂಟರಿನವಳು. ಹಿಂದೆ ಸಾಲು ಬೆಳೆಯುತ್ತಿತ್ತು.

"ಛೆ, ಸಾಧ್ಯವೇ ಇಲ್ಲ," ಅಂದರು ಭಾಗೀರಥಿ. "ಬೆಳಿಗ್ಗೆ ನಾನೇ ನೋಡಿದೀನಿ. ಇವರು ಎಪ್ಪತ್ತು ಕೆಜಿ. ಮೊನ್ನೆ ತಾನೆ ಡಾಕ್ಟರ ಹತ್ರ ತೂಗಿಸಿದ್ವಿ. ಸೂಟ್‌ಕೇಸ್ ಹಿಡ್ಕೊಂಡು ಹತ್ತಿದ್ರು, ತೊಂಬತ್ಮೂರು ತೋರಿಸ್ತು. ಕಳೆದ್ರೆ ಇಪ್ಪತ್ಮೂರು ತಾನೆ?"

"ಮಷಿನ್ ಕೆಟ್ಟಿರ್ತೈತ್ರಿ ಆಂಟಿ," ಅಂದ ಶಿವಪ್ರಕಾಶ ಸಮಾಧಾನ ಮಾಡುತ್ತ. "ಯಾವ ಅಂಗಡ್ಯಾಗ ತಗೊಂಡಿದ್ರಿ?"

"ಅಂಗಡಿ ಯಾವ್ದು ಬಂತು, ನಿಮ್ಮನೇದೇ ಅಲ್ವಾ? ನೀವು ಹೊರಗೆ ಬೈಕ್ ಏರಿಸ್ತಾ ಇದ್ರಿ. ಹಿತ್ತಲ ಗೇಟಿಂದ ಬಂದು ಹೇಮಾ ಹತ್ರ ಇಸ್ಕೊಂಡು ಹೋದೆ."

ಶಿವಪ್ರಕಾಶನ ಮುಖದಿಂದ ರಕ್ತ, ಸೋರಿದ ಶಾಕ್‌ನ ಎಣ್ಣೆಯ ಹಾಗೆ, ಕೆಳಗಿಳಿಯಿತು.

ಹೇಮಲತಾ ಕೆಂಪು ಅಂಕಿಯನ್ನು ನೋಡಿದಳು. ಗಂಡನನ್ನು ನೋಡಿದಳು. "ಅಂಗಡ್ಯಾಗ ಒಂಬತ್ತು. ಇಲ್ಲೂ ಒಂಬತ್ತು," ಅಂತ ತನಗೆ ತಾನೇ ಅಂದುಕೊಂಡಳು. ಆಮೇಲೆ ಕೈಚಾಚಿದಳು. "ಬ್ಯಾಗ್ ತಗೀರಿ."

"ಹೇಮಾ, ಅದು..."

"ತಗೀರಿ."

ಅವಳು ಬ್ಯಾಗನ್ನು ಕಿರುಬೆರಳಿಗೆ ತೂಗುಹಾಕಿದಳು. ಬೆರಳು ಬಾಗಲಿಲ್ಲ. ಜಿಪ್ ಎಳೆದಳು. ಒಳಗೆ ಒಂದು ರೇನ್‌ಕೋಟ್, ಒಂದು ಖಾಲಿ ನೀರಿನ ಬಾಟಲಿ. ಅಲ್ಲೇ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿಸಿ ಜೇನಿನ ಬಾಟಲಿ, ಮಕಡೇಮಿಯಾ ಬೀಜದ ಪ್ಯಾಕೆಟ್, ಬಿಸ್ಕೆಟ್, ಚಾಕಲೇಟ್ ಒಂದೊಂದಾಗಿ ತೆಗೆದು ಬ್ಯಾಗಿಗೆ ತುಂಬತೊಡಗಿದಳು. ಅಂಕಿ ಇಪ್ಪತ್ಮೂರಕ್ಕೆ ಇಳಿದ ಮೇಲೆ ಜಿಪ್ ಎಳೆದಳು.

"ಅಯ್ಯೋ, ಅವರಿಗೆ ಭಾರ ಆಗಲ್ವೇನೇ ಹೇಮಾ?" ಅಂದರು ಭಾಗೀರಥಿ.

"ಅವರಿಗೆ ರೂಢಿ ಐತ್ರಿ ಆಂಟಿ."

"ಹಾಗಾದ್ರೆ ನಾನು ಬರೋವರೆಗೂ ಇಟ್ಕೋಬೇಡಿ. ನೀವೇ ತಿಂದು ಮುಗಿಸ್ಬಿಡಿ," ಅಂತ ಹೇಳಿ ಭಾಗೀರಥಿ ಹಗುರವಾಗಿ ಒಳಗೆ ನಡೆದರು.

ವಾಪಸಾಗುವಾಗ ಹೇಮಲತಾ ದಾರಿಯಲ್ಲಿ ಕಾರು ನಿಲ್ಲಿಸಲು ಹೇಳಿ ಒಂದು ಡಿಜಿಟಲ್ ಮಷಿನ್ ಕೊಂಡಳು. ಚಕ್ರವಿಲ್ಲದ್ದು. ಮತ್ತೆ ಕಾರು ಹೊರಟಾಗ ಶಿವಪ್ರಕಾಶ ಮೆಲ್ಲಗೆ ಕೇಳಿದ, "ಮೆಲ್ಬರ್ನ್?"

"ಹೋಗ್ರಿ. ನಾ ಯಾಕ ಬ್ಯಾಡ ಅನ್ಲಿ? ಆದ್ರ ಬ್ಯಾಗ್ ಖಾಲಿ ಆದಮ್ಯಾಲೆ. ಅಲ್ಲಿತನಾ ಎಲ್ಲೆ ಬೈಕ್ ಹೊಡದ್ರೂ ಅದು ಬೆನ್ನ ಮ್ಯಾಲಿರಬೇಕು. ನೀವೊಂದ್ ಕಿಲೋ ಇಳದ್ರ, ಅದರಾಗಿಂದ ಒಂದ್ ಕಿಲೋ ನಾ ತಗೀತೇನಿ."

ಹಿಂದಿನ ಸೀಟಿನಲ್ಲಿ ಸೊಂಟ ನೀವಿಕೊಳ್ಳುತ್ತಿದ್ದ ಗುರುದತ್ತರಿಗೆ ಇದರ ತಲೆ ಬುಡ ತಿಳಿಯಲಿಲ್ಲ. ಲೆಕ್ಕ ಮಾತ್ರ ತಿಳಿಯಿತು. "ಅಂದ್ರೆ ಈಗ ತೊಂಬತ್ತೊಂದರ ಮೇಲೆ ಒಂಬತ್ತು. ನೂರು ಕೆಜಿಗೆ ಗಾಳಿ ಹಾಕ್ಬೇಕು. ಏರ್ ತಗೊಂಡಿದ್ದು ಎಷ್ಟು ಒಳ್ಳೇದಾಯ್ತು ನೋಡಿ."

ಸಂಜೆ ಶಿವಪ್ರಕಾಶ ಮನೆಯ ಮುಂದೆ ಬ್ಯಾಗ್ ಹೊತ್ತು ನಿಂತು ಪಂಪ್ ಹೊಡೆದ. ಬೇಲಿಯಾಚೆಯಿಂದ ಗುರುಬಸವ ನೋಡುತ್ತಿದ್ದ. "ಅವಾಗ್ಲೇ ಹೇಳಿದ್ನಿಲ್ಲೋ, ಗಾಳಿ ನಂಬಬ್ಯಾಡ ಅಂತ? ನೋಡು, ಸೋರಿತು."

ನೂರರ ಗುರುತಿಗೆ ತುಂಬಿ ಮುಗಿಸಿ ಬೈಕ್ ಮೇಲೆ ಕೂತ. ಉಂಗುರ ಸರಿಯಾದ ಜಾಗದಲ್ಲಿ ನಿಂತಿತು. ಬೆಳಗಿನಿಂದ ಹೊಟ್ಟೆಗೆ ನೆಟ್ಟಗೆ ಏನೂ ಬಿದ್ದಿರಲಿಲ್ಲ. ಪಟ್ಟಿಗಳು ಹೆಗಲು ಕೊರೆಯುತ್ತಿದ್ದವು. ಗುರುಬಸವ ಒಳಗೆ ಹೋದದ್ದನ್ನು ನೋಡಿ, ಭಾರ ಸ್ವಲ್ಪವಾದರೂ ಇಳಿಯಲಿ ಎಂದು ಬ್ಯಾಗಿನಿಂದ ಒಂದು ದೊಡ್ಡ ಚಾಕಲೇಟ್ ತೆಗೆದ. ನಿಧಾನವಾಗಿ ಪೂರ್ತಿ ತಿಂದ. ಬ್ಯಾಗ್ ನಿಜಕ್ಕೂ ಹಗುರವಾದಂತೆ ಅನ್ನಿಸಿತು.

ಮತ್ತೆ ಕೂತು, ಬಗ್ಗಿ ನೋಡಿದ. ಉಂಗುರ ಇದ್ದಲ್ಲೇ ಇತ್ತು.