ಪಾಲಾದ ಬಾಯಿ

ಮೈಕಣ್ಣನ ಬಾಯಿಯನ್ನು ಎರಡು ಪಾಲು ಮಾಡಿದ್ದು ದಂತ ಆಸ್ಪತ್ರೆಯ ಡಾಕ್ಟರಮ್ಮ. ಗಡಿಕಲ್ಲು ನೆಟ್ಟಿದ್ದು ಮಾತ್ರ ಪಕ್ಕದ ಮನೆಯ ಮೇಷ್ಟ್ರು. ಅಣ್ಣತಮ್ಮಂದಿರ ಆಸ್ತಿಗೆ ಪಕ್ಕದ ಮನೆಯವರು ಗಡಿ ಹಾಕಿದರೆ ಏನಾಗುತ್ತದೋ, ಮೈಕಣ್ಣನ ಬಾಯಿಗೂ ಅದೇ ಆಯಿತು.

ಬಸ್ ನಿಲ್ದಾಣದಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದು ಮೈಕಿನಲ್ಲಿ ಕೂಗುವುದು ಅವನ ಕೆಲಸ. ಹೆಸರು ಬಂದದ್ದೂ ಅಲ್ಲಿಂದಲೇ. ಇಂಥವನ ವಸಡು ಊದಿಕೊಂಡು, ಮುಟ್ಟಿದರೆ ರಕ್ತ ಬರುವಂತಾಗಿ, ಮುಂದಿನ ಎರಡು ಹಲ್ಲು ಅಲ್ಲಾಡತೊಡಗಿದವು. ಮುಂದಿನ ಹಲ್ಲು ಹೋದರೆ 'ಸ' ಹೋಗುತ್ತದೆ. 'ಸ' ಹೋದರೆ ಬಸ್ಸು ಬಫ್ಫಾಗುತ್ತದೆ. ನಿಲ್ದಾಣದ ಕಂಟ್ರೋಲರು ಮೊದಲೇ ಹೇಳಿಬಿಟ್ಟಿದ್ದರು: "ನಿನ್ನ ಉಚ್ಚಾರ ಕೆಟ್ಟ ದಿನಾನೇ ಕಂಪ್ಯೂಟರ್ ದನಿ ಹಾಕಿಸ್ತೀನಿ. ನೀನು ಗೋಡೌನಿಗೆ ಹೋಗಿ ಹಳೇ ಟೈರು ಕಾಯ್ಕೊಂಡಿರು."

ಅಷ್ಟರಲ್ಲಿ ದಂತ ಆಸ್ಪತ್ರೆಯಲ್ಲಿ ವಸಡಿನ ಉರಿಯೂತಕ್ಕೆ ಹೊಸ ಔಷಧಿಯ ಸಂಶೋಧನೆ ಶುರುವಾಯಿತು. ಮೈಕಣ್ಣ ಓಡಿಹೋಗಿ ಸೇರಿಕೊಂಡ. ಕೆಂಪು ಮುಚ್ಚಳದ ಟ್ಯೂಬು ಬಾಯಿಯ ಎಡಭಾಗಕ್ಕೆ, ನೀಲಿ ಮುಚ್ಚಳದ್ದು ಬಲಭಾಗಕ್ಕೆ. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಬರೀ ಸುಣ್ಣದಂಥ ಪೇಸ್ಟು. ಯಾವುದರಲ್ಲಿ ಯಾವುದೆಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಮೂರು ತಿಂಗಳಾದ ಮೇಲೆ ಯಾವ ಕಡೆ ವಾಸಿಯಾಗಿದೆಯೋ ಆ ಕಡೆಯ ಟ್ಯೂಬನ್ನು ಇಡೀ ಬಾಯಿಗೆ ಹಚ್ಚಿಕೊಳ್ಳಲು ಒಂದು ವರ್ಷ ಪುಕ್ಕಟೆ ಕೊಡುತ್ತಾರೆ. ಆದರೆ ಎಡಬಲ ಅದಲುಬದಲಾದರೆ ಮನುಷ್ಯ ಸಂಶೋಧನೆಯಿಂದ ಹೊರಗೆ.

ಕಷ್ಟ ಇದ್ದದ್ದೇ ಅಲ್ಲಿ. ಮೈಕಣ್ಣನಿಗೆ ಎಡ ಯಾವುದು ಬಲ ಯಾವುದು ಎಂಬುದು ಹುಟ್ಟಿದಾಗಿನಿಂದ ಗೊಂದಲ. ಚಿಕ್ಕವನಿದ್ದಾಗ ಚಪ್ಪಲಿ ಅದಲುಬದಲು ಹಾಕಿಕೊಂಡು ಅಮ್ಮನ ಕೈಯಲ್ಲಿ ಅದೇ ಚಪ್ಪಲಿಯಿಂದ ಏಟು ತಿಂದಿದ್ದ. ಈ ಸಂಕಟ ಹೇಳಿಕೊಂಡದ್ದೇ ತಡ, ಮೇಷ್ಟ್ರು ಗೋಂದು, ಕಾಗದ ಹಿಡಿದು ಹಾಜರಾದರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಕಲಿಸುವ ಚಟ ನಿವೃತ್ತಿಯಾಗಿರಲಿಲ್ಲ. ಬಚ್ಚಲಿನ ಕನ್ನಡಿಯ ಎರಡು ಅಂಚಿಗೂ 'ಎಡ', 'ಬಲ' ಎಂದು ದಪ್ಪಕ್ಷರದ ಚೀಟಿ ಅಂಟಿಸಿದರು.

"ಸಾರ್, ಸರಿಯಾಗಿದೆಯಾ?" ಎಂದು ಮೈಕಣ್ಣ ಅನುಮಾನಪಟ್ಟ.

"ಏನ್ರೀ ಸರಿಯಾಗಿದೆಯಾ ಅಂದ್ರೆ? ಕನ್ನಡಿಯೊಳಗೆ ಇರೋನು ನಿಮಗೆ ಎದುರಾಗಿ ನಿಂತಿರ್ತಾನೆ. ಎದುರಿಗಿರೋನ ಎಡ ನಮಗೆ ಬಲ. ಲೆಕ್ಕ ಹಾಕಿಯೇ ಅಂಟಿಸಿದ್ದೀನಿ. ನೀವು ಚೀಟಿ ನೋಡ್ಕೊಂಡು ಉಜ್ಜಿ, ಅಷ್ಟೇ. ತಲೆ ಉಪಯೋಗಿಸೋಕೆ ಹೋಗ್ಬೇಡಿ."

ಆ ಸಲಹೆಯನ್ನು ಮೈಕಣ್ಣ ಚಾಚೂ ತಪ್ಪದೆ ಪಾಲಿಸಿದ. ಕೆಲವೇ ವಾರಗಳಲ್ಲಿ ನೀಲಿ ಟ್ಯೂಬು ಹಚ್ಚುವ ಕಡೆ ರಕ್ತ ನಿಂತಿತು, ಊತ ಇಳಿಯಿತು, ಆ ಕಡೆಯ ಮುಂದಿನ ಹಲ್ಲು ಕೂಡ ಗಟ್ಟಿಯಾಗಿ ಕೂತಿತು. ಕೆಂಪು ಹಚ್ಚುವ ಕಡೆ ಮಾತ್ರ ವಸಡು ಹಾಗೇ ಉರಿಯುತ್ತಿತ್ತು, ಹಲ್ಲು ಮುರುಕು ಕದದ ಹಾಗೆ ಅಲ್ಲಾಡುತ್ತಿತ್ತು. ಮೈಕಣ್ಣನಿಗೆ ಸತ್ಯ ಗೊತ್ತಾಗಿಹೋಯಿತು. ನೀಲಿಯೇ ಔಷಧಿ. ನೀಲಿ ಸಿಕ್ಕರೆ ಹಲ್ಲು ಉಳಿಯಿತು, 'ಸ' ಉಳಿಯಿತು, ನೌಕರಿ ಉಳಿಯಿತು.

ಇವತ್ತು ಕೊನೆಯ ಪರೀಕ್ಷೆ. ಡಾಕ್ಟರಮ್ಮ ವಸಡು ಅಳೆಯುವವರೆಗೆ ಹಲ್ಲುಜ್ಜಬಾರದು, ಬಾಯಿ ಮುಕ್ಕಳಿಸಬಾರದು, ಏನನ್ನೂ ಹಚ್ಚಬಾರದು. ಬೆಳಗ್ಗೆ ಮೈಕಣ್ಣ ಕನ್ನಡಿಯ ಮುಂದೆ ಗಡ್ಡ ಕೆರೆಯುತ್ತಿದ್ದಾಗ, ಎದುರುಮನೆಯ ಅತ್ತಿಗೆ ಕಿಟಕಿಯಿಂದಲೇ ಕೂಗಿದಳು: "ಏನ್ರೀ, ನಿಮ್ಮ ಡಾಕ್ಟರಮ್ಮಂಗೆ ಕಣ್ಣೇ ಕಾಣಿಸಲ್ವಂತೆ?"

ಬೆಚ್ಚಿದ ಮೈಕಣ್ಣನ ರೇಜರು ಕೆನ್ನೆಗೆ ಕಚ್ಚಿತು.

"ಯಾರು ಹೇಳಿದ್ದು?"

"ನಿಮ್ಮ ಹೆಂಡತೀನೇ! ಕುರುಡು ಪರೀಕ್ಷೆಯಂತೆ, ಡಾಕ್ಟ್ರೂ ಕುರುಡು, ರೋಗೀನೂ ಕುರುಡಂತೆ. ನೀವು ಹೋಗ್ಬೇಡಿ. ಹಲ್ಲಿಗೆ ಹೋಗಿ ಕಣ್ಣು ಕಳ್ಕೋಬೇಡಿ."

ಟ್ಯೂಬಿನೊಳಗೆ ಏನಿದೆಯೆಂದು ಇಬ್ಬರಿಗೂ ಗೊತ್ತಿಲ್ಲದಿದ್ದರೆ ಅದನ್ನು ಕುರುಡು ಪರೀಕ್ಷೆ ಅನ್ನುತ್ತಾರೆ ಎಂದು ಬಿಡಿಸಿ ಹೇಳಲು ಮೈಕಣ್ಣ ಬಾಯಿ ತೆರೆದ. ಗಾಳಿ ಆ ಕಡೆಗೇ ಬೀಸುತ್ತಿತ್ತು. ಅತ್ತಿಗೆ ತಟ್ಟನೆ ಕಿಟಕಿ ಹಾಕಿಕೊಂಡಳು.

ಹೆಂಡತಿ ಮೂಗು ಮುಚ್ಚಿಕೊಂಡೇ ಕೆನ್ನೆಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿದಳು. "ಒಂದು ಲೋಟ ಉಪ್ಪುನೀರಲ್ಲಿ ಮುಕ್ಕಳಿಸಿ ಹೋಗಬಾರ್ದಾ? ಯಾರಿಗೆ ಗೊತ್ತಾಗುತ್ತೆ?"

"ವಿಜ್ಞಾನಕ್ಕೆ ಗೊತ್ತಾಗುತ್ತೆ" ಎಂದ ಮೈಕಣ್ಣ.

"ಬಸ್ಸಲ್ಲಿ ಪಕ್ಕದಲ್ಲಿ ಕೂರೋರಿಗೂ ಗೊತ್ತಾಗುತ್ತೆ ಬಿಡಿ" ಎಂದಳು ಅವಳು.

ನಿಲ್ದಾಣದಲ್ಲಿ ಅರ್ಧ ದಿನದ ಕೆಲಸ ಮುಗಿಸಿ, ಉಳಿದ ಟ್ಯೂಬುಗಳಿದ್ದ ಹೆಗಲ ಚೀಲದ ಸಮೇತ ಆಸ್ಪತ್ರೆಗೆ ಹೋಗುವುದೆಂದು ಏರ್ಪಾಡು. ಆದರೆ ಮೈಕಣ್ಣನ ಮನಸ್ಸೆಲ್ಲ ನೀಲಿ ಟ್ಯೂಬಿನ ಮೇಲಿತ್ತು. ಮೈಕು ಹಿಡಿದು, "ಪ್ರಯಾಣಿಕರ ಗಮನಕ್ಕೆ! ವೇಗದೂತ ಬಸ್ಸು ಎಡಗಡೆ ನಿಂತಿದೆ" ಎಂದು ಕೂಗಿದ. ಅವನ ಗಾಜಿನ ಕೋಣೆ ಜನರಿಗೆ ಎದುರಾಗಿತ್ತು. ಅವನು ಹೇಳಿದ್ದು ತನ್ನ ಎಡ. ಜನ ನುಗ್ಗಿದ್ದು ತಮ್ಮ ಎಡಕ್ಕೆ. ಅಲ್ಲಿದ್ದದ್ದು ತೊಳೆಯಲು ಹೊರಟಿದ್ದ ಖಾಲಿ ಬಸ್ಸು. ಗಂಟು ಮೂಟೆ, ಮಕ್ಕಳು ಮರಿ ಸಮೇತ ಹತ್ತಿದವರು ಡಿಪೋದ ನೀರಿನ ಕೊಳವೆಯ ಕೆಳಗೆ ಹೋಗಿ ನೆನೆದು, ಸಿಟ್ಟಿನಿಂದ ಬೆಂಕಿಯಾಗಿ ವಾಪಸು ಬಂದರು.

ಅವರೆಲ್ಲರ ಮುಂದೆ ಕಂಟ್ರೋಲರು ಮೈಕಣ್ಣನ ಮರ್ಯಾದೆಯನ್ನು ಹರಾಜಿಗಿಟ್ಟರು. "ನಿನ್ನ ಎಡ ಯಾವನಿಗೆ ಬೇಕಯ್ಯಾ? ಇನ್ಮೇಲೆ ಎಡಬಲದ ವಿಷಯದಲ್ಲಿ ಎದುರಿಗಿರೋರು ಹೇಳಿದ್ದೇ ಸರಿ. ನೀನು ಬಾಯಿ ಮುಚ್ಕೊಂಡು ಒಪ್ಕೋಬೇಕು. ತಿಳೀತಾ?"

"ತಿಳೀತು ಸಾರ್" ಎಂದ ಮೈಕಣ್ಣ. ಕಂಟ್ರೋಲರು ಕರವಸ್ತ್ರ ತೆಗೆದು ಎರಡು ಹೆಜ್ಜೆ ಹಿಂದೆ ಸರಿದರು.

"ಏನಯ್ಯ ಇದು ವಾಸನೆ? ಯಾರ್ರೀ ಅಲ್ಲಿ, ಇವನ ಬಾಯಿಗೆ ಏನಾದ್ರೂ ಹಾಕಿ!"

ಟಿಕೆಟ್ ಕೌಂಟರಿನ ಗುಮಾಸ್ತ ಇಂಥ ಸಮಾಜಸೇವೆಗೆ ಸದಾ ಸಿದ್ಧ. ಲವಂಗದ ಎಣ್ಣೆಯಲ್ಲಿ ಹತ್ತಿ ಅದ್ದಿಕೊಂಡು ಬಂದ. "ಬಾಯಿ ತೆಗಿ ಅಣ್ಣಾ, ಒಂದೇ ಉಜ್ಜು."

ಮೈಕಣ್ಣ ತುಟಿ ಬಿಗಿದು ತಲೆಯಾಡಿಸಿದ. ಗುಮಾಸ್ತ ಬಿಡಲಿಲ್ಲ. "ನಿನ್ನ ಒಳ್ಳೇದಕ್ಕೇ ಹೇಳೋದು!" ಎನ್ನುತ್ತ ಹತ್ತಿ ಹಿಡಿದು ಹಿಂದೆ ಬಿದ್ದ. ಒಳ್ಳೆಯದು ಮಾಡುವವರಿಂದ ತಪ್ಪಿಸಿಕೊಳ್ಳುವುದು ಕೆಟ್ಟದ್ದು ಮಾಡುವವರಿಂದ ತಪ್ಪಿಸಿಕೊಂಡಷ್ಟು ಸುಲಭವಲ್ಲ. ನಿಲ್ದಾಣವನ್ನು ಎರಡು ಸುತ್ತು ಓಡಿದ ಮೈಕಣ್ಣ, ಹೊರಡುತ್ತಿದ್ದ ಬಸ್ಸಿಗೆ ಹಾರಿ ಜೋತುಬಿದ್ದ. ಒಳಗಿದ್ದವರು ಡಿಪೋದಲ್ಲಿ ನೆನೆದವರೇ. ಆಸ್ಪತ್ರೆ ಬರುವವರೆಗೂ ಅವನು ಬೈಗುಳ ಕೇಳಿದ, ತುಟಿ ಮಾತ್ರ ಬಿಚ್ಚಲಿಲ್ಲ.

ಡಾಕ್ಟರಮ್ಮನಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಟ್ಯೂಬು ಅದಲುಬದಲು ಆಗಿಲ್ಲ ತಾನೇ?"

ಮೈಕಣ್ಣ ಎದೆಯುಬ್ಬಿಸಿದ. "ಒಂದು ದಿನಾನೂ ಇಲ್ಲ ಡಾಕ್ಟ್ರೇ. ಕೆಂಪು ಎಡಕ್ಕೆ, ನೀಲಿ ಬಲಕ್ಕೆ. ಕನ್ನಡಿ ಮೇಲೆ ಚೀಟಿ ಅಂಟಿಸಿ ಉಜ್ಜಿದ್ದೀನಿ. ನಮ್ಮ ತಾಯಾಣೆ!"

"ಎಲ್ಲರೂ ನಿಮ್ಮ ಹಾಗೆ ಇದ್ದಿದ್ರೆ ಸಂಶೋಧನೆ ಎಷ್ಟು ಸುಲಭ ಆಗ್ತಿತ್ತು" ಎಂದು ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು, ಸಣ್ಣ ಕಡ್ಡಿಯಿಂದ ವಸಡನ್ನೆಲ್ಲ ಮುಟ್ಟಿ ನೋಡಿದರು. ಅವರ ಮುಖ ಅರಳಿತು. "ಅದ್ಭುತ! ಈ ಪ್ಲಾಸ್ಟರ್ ಹಾಕ್ಕೊಂಡಿದ್ದೀರಲ್ಲ, ಈ ಕಡೆ ಪೂರ್ತಿ ವಾಸಿ. ಆ ಕಡೆ ಮಾತ್ರ ಹಾಗೇ ಇದೆ, ಮುಂದಿನ ಹಲ್ಲು ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಪರವಾಗಿಲ್ಲ, ಸರಿಯಾದ ಔಷಧಿ ಬಿದ್ರೆ ಉಳ್ಕೊಳ್ಳುತ್ತೆ."

"ನೀಲಿ ತಾನೇ ಡಾಕ್ಟ್ರೇ?" ಮೈಕಣ್ಣ ಆಗಲೇ ಕೈ ಚಾಚಿದ್ದ.

"ನೀಲಿ ಯಾಕೆ? ಪ್ಲಾಸ್ಟರ್ ಇರೋದು ಎಡಗೆನ್ನೆ. ಎಡಕ್ಕೆ ಕೆಂಪು. ನಿಮಗೆ ಹಿಡಿಸಿರೋದು ಕೆಂಪು."

"ಇಲ್ಲ ಡಾಕ್ಟ್ರೇ! ವಾಸಿಯಾದ ಕಡೆ ನಾನು ಹಚ್ಚಿದ್ದು ನೀಲಿ!"

ಡಾಕ್ಟರಮ್ಮನ ಮುಖದ ಹೂವು ಬಾಡಿತು. "ಹಾಗಾದ್ರೆ ಅದಲುಬದಲು ಮಾಡಿದ್ರಾ? ಈಗ ತಾನೇ ತಾಯಾಣೆ ಇಟ್ರಿ? ಅದಲುಬದಲಾಗಿದ್ರೆ ಹೇಳಿಬಿಡಿ. ನಿಮ್ಮನ್ನ ಕೈಬಿಡ್ತೀವಿ. ಕೆಂಪೂ ಇಲ್ಲ, ನೀಲಿನೂ ಇಲ್ಲ."

ಮೈಕಣ್ಣನಿಗೆ ತಲೆ ಗಿರ್ರೆಂದಿತು. ಇದು ಎಡವೇ? ಎಡವೇ ಆದರೆ ಇಲ್ಲಿ ನೀಲಿ ಹೇಗೆ ಬಂತು? ವಾದಿಸೋಣವೆಂದರೆ ಎಡಬಲದ ವಿಷಯದಲ್ಲಿ ವಾದಿಸಿ ಬೆಳಗ್ಗೆಯಷ್ಟೇ ಊರ ಮುಂದೆ ಮಾನ ಕಳೆದುಕೊಂಡಾಗಿದೆ. ಎದುರಿಗಿರೋರು ಹೇಳಿದ್ದೇ ಸರಿ ಎಂಬ ಕಂಟ್ರೋಲರ ಆಜ್ಞೆ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಡಾಕ್ಟರಮ್ಮ ಕೂತಿದ್ದದ್ದು ಸರಿಯಾಗಿ ಎದುರಿಗೇ.

"ಇಲ್ಲ ಡಾಕ್ಟ್ರೇ, ನನ್ನದೇ ಮರೆವು. ಕೆಂಪೇ" ಎಂದ ಮೈಕಣ್ಣ.

ಡಾಕ್ಟರಮ್ಮ ಮತ್ತೆ ಅರಳಿದರು. ಉಳಿದಿದ್ದ ನೀಲಿ ಟ್ಯೂಬನ್ನು ಅವನ ಚೀಲದಿಂದ ತಾವೇ ತೆಗೆದುಕೊಂಡು, ಒಂದು ಪೆಟ್ಟಿಗೆ ತುಂಬ ಕೆಂಪು ಟ್ಯೂಬು ಕೊಟ್ಟು, ಬೆನ್ನು ತಟ್ಟಿ ಕಳಿಸಿದರು.

ಮನೆಗೆ ಬಂದವನೇ ಮೈಕಣ್ಣ ಪೆಟ್ಟಿಗೆಯನ್ನು ಬಚ್ಚಲಲ್ಲಿ ಇಳಿಸಿ ಕನ್ನಡಿ ನೋಡಿದ. ಕೆನ್ನೆಯ ಮೇಲೆ ಪ್ಲಾಸ್ಟರ್ ಇತ್ತು. ಡಾಕ್ಟರಮ್ಮ ಎಡಗೆನ್ನೆ ಎಂದಿದ್ದರು. ಆದರೆ ಆ ಪ್ಲಾಸ್ಟರಿನ ಪಕ್ಕದಲ್ಲೇ, ಮೇಷ್ಟ್ರ ದುಂಡಾದ ಅಕ್ಷರದಲ್ಲಿ, 'ಬಲ' ಎಂಬ ಚೀಟಿ ಅಂಟಿಕೊಂಡಿತ್ತು.

ಮೈಕಣ್ಣ ಪ್ಲಾಸ್ಟರ್ ಮುಟ್ಟಿದ. ಚೀಟಿ ಮುಟ್ಟಿದ. ಮತ್ತೆ ಪ್ಲಾಸ್ಟರ್ ಮುಟ್ಟಿದ. ಕನ್ನಡಿಯೊಳಗಿನವನ ಬಲ, ತನ್ನ ಎಡ! ಮೂರು ತಿಂಗಳು ಅವನು ಕನ್ನಡಿಯವನ ಲೆಕ್ಕದಲ್ಲಿ ತನ್ನ ಬಾಯಿ ಉಜ್ಜಿದ್ದ. ಎಡಕ್ಕೆ ಬಿದ್ದದ್ದೆಲ್ಲ ನೀಲಿ. ನೀಲಿ ಆಸ್ಪತ್ರೆಯಲ್ಲಿದೆ. ಮನೆಯಲ್ಲಿರುವುದು ಪೆಟ್ಟಿಗೆ ತುಂಬ ಸುಣ್ಣ. ನಿಜ ಹೇಳೋಣವೆಂದರೆ ಸಂಶೋಧನೆಯಿಂದ ಹೊರಗೆ. ಹೇಳದಿದ್ದರೆ ಹಲ್ಲೇ ಹೊರಗೆ. ಅಯ್ಯೋ, ಹಾಳಾದ ಚೀಟಿಯೇ ಎಂದು ಅವನಿಗೆ ಅಳು ಉಕ್ಕಿ ಬಂತು.

"ಬಹುಮಾನ ಬಂತಂತೆ!" ಎನ್ನುತ್ತ ಮೇಷ್ಟ್ರು ಬಚ್ಚಲಿಗೇ ನುಗ್ಗಿದರು. ಹಿಂದೆ ಹೆಂಡತಿ, ಅವಳ ಹಿಂದೆ ಎದುರುಮನೆಯ ಅತ್ತಿಗೆ. "ನೋಡಿದ್ರಾ? ನನ್ನ ಚೀಟಿ ಇಲ್ಲದಿದ್ರೆ ನಿಮ್ಮ ಕೈಲಿ ಆಗ್ತಿತ್ತಾ? ಎಲ್ಲಿ, ವಾಸಿಯಾಗಿದ್ದು ಯಾವ ಕಡೆ ಅಂದ್ರು?"

"ಎಡಗಡೆ ಅಂದ್ರು ಸಾರ್, ಆದ್ರೆ ನಿಮ್ಮ ಚೀಟಿ..."

"ಭೇಷ್!" ಎಂದು ಮೇಷ್ಟ್ರು ಅವನ ಬೆನ್ನಿಗೆ ಗುದ್ದಿದಂತೆ ಒಂದು ಬಾರಿಸಿದರು.

ತೊಟ್ಟಿಯಲ್ಲಿ ಟಣ್ ಎಂದು ಸದ್ದಾಯಿತು. ಎಲ್ಲರೂ ಬಗ್ಗಿ ನೋಡಿದರು. ಮುಂದಿನ ಹಲ್ಲು.

"ಫಾರ್..." ಎಂದ ಮೈಕಣ್ಣ. ಬಾಯಿ ಮುಚ್ಚಿಕೊಂಡು ಇನ್ನೊಮ್ಮೆ ಪ್ರಯತ್ನಿಸಿದ. "ಪ್ರಯಾಣಿಕರ ಗಮನಕ್ಕೆ... ಬಫ್ಫು..." ಗೋಡೌನಿನ ಹಳೇ ಟೈರುಗಳ ರಬ್ಬರು ವಾಸನೆ ಅವನ ಮೂಗಿಗೆ ಆಗಲೇ ಬಡಿಯಿತು.

ಮೇಷ್ಟ್ರು ಅವನ ಗದ್ದ ಹಿಡಿದು ಕನ್ನಡಿಯ ಕಡೆ ತಿರುಗಿಸಿ, ಕಿಂಡಿ ಯಾವ ಚೀಟಿಯ ಪಕ್ಕದಲ್ಲಿದೆ ಎಂದು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಎಡಗಡೇದು!" ಎಂದರು. "ಡಾಕ್ಟ್ರು ವಾಸಿಯಾಗಿದೆ ಅಂದ ಕಡೇದೇ ಉದುರಿಹೋಯ್ತಲ್ರೀ! ನಾನು ಅಷ್ಟು ಲೆಕ್ಕ ಹಾಕಿ ಚೀಟಿ ಅಂಟಿಸಿದ್ದೆ. ಆ ಡಾಕ್ಟರಮ್ಮಂಗೆ ಎಡ ಯಾವುದು, ಬಲ ಯಾವುದು ಅಂತಾನೇ ಗೊತ್ತಿಲ್ಲ."

"ನಾನು ಬೆಳಗ್ಗೇನೇ ಹೇಳಿದ್ನಲ್ಲ," ಎಂದಳು ಎದುರುಮನೆಯ ಅತ್ತಿಗೆ, "ಅವಳಿಗೆ ಕಣ್ಣು ಕಾಣಿಸಲ್ಲ ಅಂತ."