ಬ್ರಿಟನ್ನಿನ ರೈಲು, ನನ್ನ ರಜೆ

ನಾನು ಇಂಗ್ಲೆಂಡನ್ನು ಕಣ್ಣಾರೆ ಕಂಡವನಲ್ಲ. ಅಲ್ಲಿನ ರೈಲು ಹತ್ತಿದವನಲ್ಲ, ಅಲ್ಲಿ ಮತ ಹಾಕುವ ಹಕ್ಕಂತೂ ಮೊದಲೇ ಇಲ್ಲ. ಆದರೂ ಆ ದೇಶದ ಸಾರಿಗೆ ಮಂತ್ರಿ ಎದುರಿಗೆ ಸಿಕ್ಕಿದ್ದರೆ, ಕುರ್ಚಿ ಕೊಟ್ಟು ಕೂರಿಸಿ, ನೀರು ಕುಡಿಸಿ, ಒಂದು ಗಂಟೆ ತರಾಟೆಗೆ ತೆಗೆದುಕೊಳ್ಳುವಷ್ಟು ಸಿಟ್ಟು ನನ್ನೊಳಗಿತ್ತು. ಮನುಷ್ಯನಿಗೆ ತನ್ನ ದೇಶದ ಚಿಂತೆ ಇರುವುದು ಸಹಜ. ಹೊಟ್ಟೆಪಾಡಿಗೆ ಎರಡನೆಯ ದೇಶಕ್ಕೆ ಹೋಗಿ, ಅಲ್ಲಿ ಕುಳಿತು ಮೂರನೆಯ ದೇಶದ ಚಿಂತೆ ಮಾಡಲು ಮಾತ್ರ ಪೂರ್ವಜನ್ಮದ ಸುಕೃತ ಬೇಕು. ನನಗೆ ಆ ಸುಕೃತ ದುಬೈಯಲ್ಲಿ, ಬಾಡಿಗೆ ಭತ್ಯೆಯ ಸಮೇತ ಒದಗಿ ಬಂತು.

ತೊಂಬತ್ತರ ದಶಕದ ಕೊನೆಯ ಮಾತು. ಕಟ್ಟಡಗಳ ನಕ್ಷೆ ಮಾಡುವ ಕಚೇರಿಯೊಂದರಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಮಾತ್ರ ಬಂದ ನಕ್ಷೆಗೆ ಬಂತೆಂದೂ ಹೋದ ನಕ್ಷೆಗೆ ಹೋಯಿತೆಂದೂ ಮುದ್ರೆ ಒತ್ತುವುದು. ನಮ್ಮ ಮ್ಯಾನೇಜರು ಹಾರ್ಟ್ಲಿ ಎಂಬ ಇಂಗ್ಲಿಷ್ ಸಾಹೇಬರು. ಬೆಳಿಗ್ಗೆ ಹತ್ತು ಗಂಟೆಗೆ ಚಹಾದ ಜೊತೆ ಅವರ ಊರಿನ ಹಿಂದಿನ ದಿನದ ಪತ್ರಿಕೆ ಮೇಜಿನ ಮೇಲೆ ಹರಡುತ್ತಿತ್ತು. ಅದನ್ನು ಒಬ್ಬರೇ ಓದಿ ದುಃಖಪಡುವ ಶಕ್ತಿ ಅವರಿಗಿರಲಿಲ್ಲ. ಎದುರಿನ ಮೇಜು ನನ್ನದು.

"ನೋಡು ಭಟ್, ಹಳಿಯ ಮೇಲೆ ಎಲೆ ಉದುರಿತಂತೆ. ರೈಲು ನಿಂತಿತಂತೆ. ಎಲೆ!"

"ಟೆರಿಬಲ್, ಸರ್," ಎನ್ನುತ್ತಿದ್ದೆ ನಾನು.

ಒಂಬತ್ತು ವರ್ಷ ನಾನು ಆಡಿದ್ದು ಇಷ್ಟೇ. ಅವರ ಅತ್ತೆಯ ಮಂಡಿ ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿ ಎರಡು ವರ್ಷ ಕಾದಿತು. ಟೆರಿಬಲ್, ಸರ್. ಲಂಡನ್ನನ್ನು ಸುತ್ತುವರಿದ ಹೆದ್ದಾರಿಯಲ್ಲಿ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾಯಿತು. ಟೆರಿಬಲ್, ಸರ್. ಹಳೆಯ ಸರ್ಕಾರ ರೈಲನ್ನು ತುಂಡು ಮಾಡಿ ಮಾರಿತು. ಹೊಸ ಸರ್ಕಾರ ಆ ತುಂಡುಗಳನ್ನು ಎಣಿಸಲು ಸಮಿತಿ ಮಾಡಿತು. ಕೇಳಿ ಕೇಳಿ ಅವರ ಸಿಟ್ಟು ನನಗೆ ಅಂಟಿತು. ದುಬೈಯ ಸತ್ವಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದು ಶರ್ಟು ಕಳಚುವ ಮೊದಲೇ ನಾನು ಬ್ರಿಟಿಷ್ ಸಂಸತ್ತನ್ನು ಬೈಯಲು ಆರಂಭಿಸುತ್ತಿದ್ದೆ.

"ಅಲ್ಲ ಮಾರಾಯ್ರೆ," ಎನ್ನುತ್ತಿದ್ದಳು ಹೆಂಡತಿ ಸುಮತಿ, "ಮಲಗುವ ಕೋಣೆಯ ಎಸಿಯಿಂದ ನೀರು ಸೋರಿ ಬಕೆಟ್ ತುಂಬ್ತಾ ಉಂಟು. ಹದಿನೈದು ದಿನ ಆಯ್ತು. ಲಂಡನ್ನಿನ ರೈಲು ಆಮೇಲೆ ರಿಪೇರಿ ಮಾಡುವ, ಮೊದಲು ಕೆಳಗೆ ಹೋಗಿ ವಾಚ್‌ಮನ್‌ಗೆ ಹೇಳಿ ಬನ್ನಿ."

ದೊಡ್ಡ ಸಮಸ್ಯೆಗಳಲ್ಲಿ ಮುಳುಗಿದವನಿಗೆ ಬಕೆಟ್ ಕಾಣುವುದಿಲ್ಲ.

ಹೀಗಿರುವಾಗ ಸುಮತಿಯ ತಂಗಿಗೆ ಉಡುಪಿಯಲ್ಲಿ ಮದುವೆ ನಿಶ್ಚಯವಾಯಿತು. ಆಗಸ್ಟ್ ಕೊನೆಗೆ ಮುಹೂರ್ತ. ಆಗೆಲ್ಲ ನಮ್ಮ ಪಾಸ್‌ಪೋರ್ಟು ಕಂಪನಿಯ ತಿಜೋರಿಯಲ್ಲಿರುತ್ತಿತ್ತು. ರಜೆಯ ಫಾರ್ಮಿಗೆ ಮ್ಯಾನೇಜರ ಸಹಿ ಬಿದ್ದರೆ ತಿಜೋರಿ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. "ಸಹಿ ಹಾಕಿಸ್ಕೊಂಡೇ ಮನೆಗೆ ಬನ್ನಿ. ಒಬ್ಬಳೇ ತಂಗಿ ನನಗೆ," ಎಂದು ಸುಮತಿ ಫಾರ್ಮನ್ನು ತಾನೇ ನನ್ನ ಜೇಬಿಗೆ ಇಟ್ಟಳು.

ನಾನು ಚಹಾದ ಹೊತ್ತನ್ನೇ ಆರಿಸಿಕೊಂಡೆ. ಅಂದಿನ ಪತ್ರಿಕೆಯಲ್ಲಿ ಒಂದು ಅಪೂರ್ವ ಸುದ್ದಿಯಿತ್ತು: ಇಂಗ್ಲೆಂಡಿನಲ್ಲಿ ಬಿಸಿಲು ಮೂವತ್ತು ಡಿಗ್ರಿಗೆ ಏರಿ, ಹಳಿಗಳು ಸೊಟ್ಟಗಾಗುವ ಭಯದಿಂದ ರೈಲುಗಳನ್ನು ಎತ್ತಿನಗಾಡಿಯ ವೇಗದಲ್ಲಿ ಬಿಟ್ಟಿದ್ದರು. ನಮ್ಮ ಕಿಟಕಿಯ ಹೊರಗೆ ಆಗ ನಲವತ್ತೈದು. ಫಾರ್ಮ್ ಅವರ ಕೈಗಿಟ್ಟೆ. ಅವರು ಪೆನ್ನು ತೆಗೆದರು. ಮುಚ್ಚಳವನ್ನೂ ತೆಗೆದರು. "ಮೂವತ್ತು ಡಿಗ್ರಿ, ಭಟ್!" ಎಂದರು.

'ಟೆರಿಬಲ್' ಎಂದು ಸುಮ್ಮನಾಗಬೇಕಿತ್ತು. ಆದರೆ ಒಂಬತ್ತು ವರ್ಷಗಳ ಸಿಟ್ಟು ಒಮ್ಮೆಲೇ ಉಕ್ಕಿತು. ಎದ್ದು ನಿಂತೆ. "ಸರ್, ನಿಮ್ಮ ಜನ ನಮ್ಮ ದೇಶಕ್ಕೆ ಬಂದು ಬೆಟ್ಟ ಕೊರೆದು, ನದಿ ದಾಟಿಸಿ ಹಳಿ ಹಾಕಿದರು. ನಮ್ಮ ಬಿಸಿಲಿಗೆ ಅವು ಇಂದಿಗೂ ಜಗ್ಗಿಲ್ಲ. ನಿಮ್ಮ ಮನೆಯಂಗಳದಲ್ಲಿ ಮಾತ್ರ ಎಲೆ ಬಿದ್ದರೆ ನಿಲ್ಲುತ್ತದೆ, ಬಿಸಿಲು ಬಿದ್ದರೆ ಸೊಟ್ಟಗಾಗುತ್ತದೆ! ಇದು ರೈಲೇ? ನಿಮ್ಮದು ಸರ್ಕಾರವೇ? ನಿಮ್ಮ ದೇಶವನ್ನು ಇನ್ನು ದೇವರೇ ಕಾಪಾಡಬೇಕು!"

ದೇವರಾಣೆ ಹೇಳುತ್ತೇನೆ, ನಮ್ಮ ದೇಶದ ಹಳಿಯ ಮಾತೊಂದನ್ನು ಬಿಟ್ಟರೆ ಇದರಲ್ಲಿ ನನ್ನ ಸ್ವಂತದ್ದು ಏನೂ ಇರಲಿಲ್ಲ. ಎಲ್ಲ ಅವರದೇ ಸರಕು. ಬಂತೆಂದು ಮುದ್ರೆ ಒತ್ತಿಟ್ಟದ್ದನ್ನು ಅಂದು ಹೋಯಿತೆಂದು ಒತ್ತಿದೆ, ಅಷ್ಟೇ.

ಹಾರ್ಟ್ಲಿ ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ಭಟ್, ಜಗತ್ತಿಗೆ ರೈಲು ಕೊಟ್ಟ ದೇಶ ನಮ್ಮದು," ಎಂದು ತಣ್ಣಗೆ ಹೇಳಿ, ನನ್ನ ಫಾರ್ಮನ್ನು ಪತ್ರಿಕೆಯ ಕೆಳಗೆ ಸರಿಸಿದರು. "ಇದು ಇಲ್ಲಿರಲಿ. ನೋಡೋಣ."

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಒಂಬತ್ತು ವರ್ಷ ಅವರ ಅತ್ತೆಯ ಮಂಡಿಗೆ ಮರುಗಿದವನು ನಾನು. ಮನೆಯಲ್ಲಿ ಹೇಳಿಕೊಂಡರೆ ಸುಮತಿ ಹಣೆ ಚಚ್ಚಿಕೊಂಡಳು.

"ಎಂತ ಮಾಡಿದ್ರಿ ನೀವು! ಅವರ ಮನೆಯನ್ನು ಅವರು ಬೈಯುವಾಗ ನೀವು ತಾಳ ಹಾಕ್ಬೇಕಾದ್ದು. ಭಾಗವತರ ಹಾಗೆ ಪದ ಹೇಳ್ಳಿಕ್ಕೆ ಹೋಗ್ಬಾರ್ದು! ನಾಳೆ ಹೋಗಿ ಎಂತಾದ್ರೂ ಹೊಗಳಿ ಬನ್ನಿ."

ಮರುದಿನ ಬಸ್ಸಿನಲ್ಲಿ ಕುಳಿತು ಬ್ರಿಟನ್ನಿನಲ್ಲಿ ಹೊಗಳಬಹುದಾದದ್ದು ಏನಿದೆ ಎಂದು ದಾರಿಯುದ್ದಕ್ಕೂ ಹುಡುಕಿದೆ. ಸಾಹೇಬರ ಶಿಷ್ಯನಿಗೆ ಏನೂ ಹೊಳೆಯಲಿಲ್ಲ. ಕೊನೆಗೆ ಚಹಾದ ಹೊತ್ತಿಗೆ, "ಸರ್, ಏನೇ ಹೇಳಿ, ರೈಲು ತಡವಾದರೂ ನಿಮ್ಮ ಜನ ಸಾಲಿನಲ್ಲಿ ಎಷ್ಟು ಶಿಸ್ತಾಗಿ ನಿಲ್ಲುತ್ತಾರಂತೆ!" ಎಂದೆ.

"ಸಾಲೇ?" ಸಾಹೇಬರ ಮುಖ ಅರಳಿತು. "ಆ ಕಾಲ ಹೋಯಿತು, ಭಟ್! ಈಗ ಒಬ್ಬರನ್ನೊಬ್ಬರು ತಳ್ಳುತ್ತಾರೆ." ಅರ್ಧ ಗಂಟೆ ಬೈದರು. ನಾನು ತಾಳ ಮಾತ್ರ ಹಾಕಿದೆ. ಬೈಗುಳದ ಭರದಲ್ಲೇ ಫಾರ್ಮ್ ಎಳೆದು ಸಹಿ ಹಾಕಿದರು.

ಮದುವೆಗೆ ಎರಡು ದಿನ ಮೊದಲೇ ಉಡುಪಿ ಸೇರಿದೆವು. ಚಪ್ಪರದಡಿ ನಾನು ಪೇಪರು ಹಿಡಿದು ಕುಳಿತಿದ್ದಾಗ ಸುಮತಿಯ ಅಕ್ಕನ ಗಂಡ, ಬೊಂಬಾಯಿಯ ರಾಘಣ್ಣ, ಪಕ್ಕದಲ್ಲಿ ಬಂದು ಕುಳಿತರು. ಹುಟ್ಟಿ ಬೆಳೆದದ್ದೆಲ್ಲ ಬೊಂಬಾಯಿಯಲ್ಲೇ. ಅವರಿದ್ದ ಮಿಲ್ಲು ಮುಚ್ಚಿ ಆರು ತಿಂಗಳಾಗಿತ್ತು. ತಮ್ಮ ಬಯೋಡೇಟಾವನ್ನು ಸಂಕೋಚದಿಂದ ನನ್ನ ಕೈಗಿಟ್ಟು, "ದುಬೈಯಲ್ಲಿ ನಿಮ್ಮ ಸಾಹೇಬರಿಗೆ ಒಂದು ಮಾತು ಹೇಳಿ ಭಟ್ರೆ," ಎಂದರು. "ಖಂಡಿತ ಹೇಳುವ," ಎಂದೆ. ಅವರಿಗೆ ನೆಮ್ಮದಿಯಾಗಿರಬೇಕು, ಲೋಕಾಭಿರಾಮಕ್ಕೆ ಇಳಿದರು.

"ಮತ್ತೆ ನಿಮ್ಮ ಈ ಮಂಗಳೂರು-ಉಡುಪಿ ರೋಡು ಉಂಟಲ್ಲ, ಅದು ರೋಡೋ ಕೆರೆಯೋ? ಇಲ್ಲಿಯವರಿಗೆ ನಾಚಿಕೆಯೇ ಇಲ್ವಾ?"

ಆ ರಸ್ತೆಯನ್ನು ದುಬೈಯ ಪ್ರತಿ ಊಟದ ಮನೆಯಲ್ಲಿ, ಪ್ರತಿ ಶುಕ್ರವಾರದ ರಜೆಯಲ್ಲಿ, ಹೊಂಡ ಹೊಂಡವಾಗಿ ಬೈದವನು ನಾನು. ಆದರೂ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

"ಇಲ್ಲಿ ಬೀಳುವ ಮಳೆ ನಿಮ್ಮ ಬೊಂಬಾಯಿಯಲ್ಲಿ ಬಿದ್ದರೆ ಗೊತ್ತಾಗ್ತಿತ್ತು ರಾಘಣ್ಣ," ಎಂದೆ ತಣ್ಣಗೆ. ಬಯೋಡೇಟಾವನ್ನು ಪೇಪರಿನ ಕೆಳಗೆ ಸರಿಸಿದೆ. "ಇದು ಇಲ್ಲಿರಲಿ. ನೋಡೋಣ."

ತಲೆಯೆತ್ತಿದರೆ ಹೂವಿನ ಬುಟ್ಟಿ ಹಿಡಿದ ಸುಮತಿ ಎದುರಿಗೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಪೇಪರಿನ ಕೆಳಗಿನಿಂದ ಬಯೋಡೇಟಾ ಎಳೆದು ನನ್ನ ಜೇಬಿಗೆ ತಾನೇ ತುರುಕಿ, "ಭಟ್ ಸಾಹೇಬರು ಈಗ ಪೆನ್ನು ತೆಗೀಬೇಕು," ಎಂದಳು.

ರಾಘಣ್ಣನಿಗೆ ಅರ್ಥವಾಗಲಿಲ್ಲ. ನಾನು ಜೇಬಿನಿಂದ ಪೆನ್ನು ತೆಗೆದೆ.